ಇಜಿಆರ್ ಕೂಲರ್: ಲಾರಿಗೆ ಯಾಕೆ ಬಂತು, ಯಾಕೆ ಮುಚ್ಚಿಸುತ್ತಾರೆ?

ಇಜಿಆರ್, ಅಂದರೆ ಇಂಜಿನ್‌ನಿಂದ ಹೊರಬಿದ್ದ ಹೊಗೆಯಲ್ಲಿ ಒಂದಷ್ಟನ್ನು ಪೈಪಿನ ಮೂಲಕ ಇಂಜಿನ್‌ಗೇ ಮರಳಿಸುವ ವ್ಯವಸ್ಥೆ. ಇದನ್ನು ಬಂದ್ ಮಾಡಿಸಿದರೆ ಪಿಕಪ್ ಬರುತ್ತದೆ, ಮೈಲೇಜೂ ಸಿಗುತ್ತದೆ ಎಂಬ ಮಾತು ದಾವಣಗೆರೆಯ ಪಿ.ಬಿ. ರಸ್ತೆಯ ಲಾರಿಯವರಲ್ಲಿ ಚಾಲ್ತಿಯಲ್ಲಿದೆ. ಪೈಪಿನ ಬಾಯಿಗೆ ಒಂದು ತಗಡು ಕೊಟ್ಟು ಬೋಲ್ಟ್ ಬಿಗಿದರೆ ಆಯಿತು. ಆದರೆ ಆ ಪೈಪು ಅಲ್ಲಿಗೆ ಬರಲು ದಶಕಗಳೇ ಹಿಡಿದಿವೆ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ತೆಳುವಾಗುತ್ತದೆ. ಅದಕ್ಕೇ ಟರ್ಬೊ ಮತ್ತು ಇಂಜಿನ್ ನಡುವೆ ಗಾಳಿ ತಣಿಸುವ ಇಂಟರ್‌ಕೂಲರ್ ಬಂತು. ತಂಪು ಗಾಳಿಯಲ್ಲಿ ಆಕ್ಸಿಜನ್ ಹೆಚ್ಚು ಹಿಡಿಯುವುದರಿಂದ ಡೀಸೆಲ್ ಚೆನ್ನಾಗಿ ಉರಿದು ಕಪ್ಪು ಹೊಗೆ ತಗ್ಗಿತು.

ತೊಂದರೆ ಇದ್ದದ್ದು ಕಣ್ಣಿಗೆ ಕಾಣದ ಹೊಗೆಯಲ್ಲಿ. ಉರಿಯ ತಾಪ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದರ ರಾಸಾಯನಿಕ ಕ್ರಮವನ್ನು ರಷ್ಯಾದ ಯಾಕೋವ್ ಝೆಲ್ಡೋವಿಚ್ 1940ರ ದಶಕದಲ್ಲಿ ಬಿಡಿಸಿಟ್ಟರು. ಮುಂದೆ ಅಮೆರಿಕದಲ್ಲಿದ್ದ ವಿಜ್ಞಾನಿ ಹಾಗನ್-ಸ್ಮಿಟ್, ಲಾಸ್ ಏಂಜಲೀಸ್‌ನ ಕಣ್ಣುರಿಸುವ ಮಬ್ಬಿಗೆ ವಾಹನಗಳ ಹೊಗೆ ಮತ್ತು ಬಿಸಿಲು ಕಾರಣವೆಂದು ತೋರಿಸಿದರು.

ಪರಿಹಾರ ವಿಚಿತ್ರವಾಗಿ ತೋರಬಹುದು: ಹೊರಬಿದ್ದ ಹೊಗೆಯಲ್ಲೇ ಒಂದಷ್ಟನ್ನು ಇಂಜಿನ್‌ಗೆ ಮರಳಿ ಕಳಿಸುವುದು. ಇದೇ ಇಜಿಆರ್. ಅದರಲ್ಲಿ ಆಕ್ಸಿಜನ್ ಕಡಿಮೆ. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್, ನೀರಾವಿ ಬಿಸಿಯನ್ನು ಹೀರುತ್ತವೆ. ಉರಿಯ ತಾಪ ಇಳಿಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಿಗೆ ಇದು ಬಂತು. ಡೀಸೆಲ್ ಲಾರಿಗೆ ಅಷ್ಟು ಸಾಲದು, ಹೊಗೆಯನ್ನು ಕೂಲಂಟ್ (ಇಂಜಿನ್ ತಣಿಸುವ ದ್ರವ) ಹರಿಯುವ ಕೂಲರ್‌ನಲ್ಲಿ ತಣಿಸಿಯೇ ಕಳಿಸಬೇಕು. ಅಮೆರಿಕದ ಭಾರಿ ಲಾರಿಗಳಲ್ಲಿ ಅದು ವ್ಯಾಪಕವಾದದ್ದು 2002ರಿಂದ. ನಮ್ಮಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮದ ನಾಲ್ಕನೇ ಹಂತ, ಅಂದರೆ ಬಿಎಸ್-4, ದೇಶಪೂರ್ತಿ ಬಂದದ್ದು 2017ರಲ್ಲಿ. 2020ರ ಏಪ್ರಿಲ್‌ನಲ್ಲಿ ನೇರ ಬಿಎಸ್-6. ಭಾರಿ ವಾಹನಗಳ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂನಿಂದ ಸುಮಾರು 0.4ಕ್ಕೆ ಕುಸಿಯಿತು.

ಹಳೆಯ ಕೂಲರ್ ಬಿಚ್ಚಿ ನೋಡಿದರೆ ಲಾರಿಯವರ ಸಿಟ್ಟು ಅರ್ಥವಾಗುತ್ತದೆ. ಸಣ್ಣ ಕೊಳವೆಗಳ ಒಳಗೆಲ್ಲ ಮಸಿ ಗಟ್ಟಿಯಾಗಿ ಕೂತಿರುತ್ತದೆ, ಕೆಲವು ಕಡೆ ಟಾರಿನ ಹಾಗೆ ಅಂಟು. ಬಿಸಿ ಹೊಗೆಯ ಮಸಿಕಣಗಳು ತಣ್ಣನೆಯ ಗೋಡೆಯತ್ತಲೇ ಸರಿಯುವುದು ಅವುಗಳ ಸ್ವಭಾವ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೋಡಿಗೆ ಕಾಯುತ್ತಾ ಗಂಟೆಗಟ್ಟಲೆ ಇಂಜಿನ್ ಆನ್ ಇಟ್ಟರಂತೂ ಅರೆಬೆಂದ ಡೀಸೆಲ್ ತಣಿದು ಈ ಅಂಟು ಇನ್ನೂ ಬೇಗ ಕಟ್ಟುತ್ತದೆ. ಬಿಚ್ಚಿ ತೊಳೆಸುವುದು ಖರ್ಚಿನ ಕೆಲಸ, ಅದೂ ನಿಜ.

ಆದರೆ ಕೂಲರ್ ಮುಚ್ಚಿದ ಲಾರಿ ನಮ್ಮ ಹೊಗೆ ತಪಾಸಣೆಯಲ್ಲಿ ಸಲೀಸಾಗಿ ಪಾಸಾಗಬಹುದು. ಡೀಸೆಲ್ ವಾಹನಕ್ಕೆ ಅಲ್ಲಿ ನೋಡುವುದು ಹೊಗೆ ಎಷ್ಟು ಕಪ್ಪು ಎಂಬುದನ್ನು ಮಾತ್ರ, ಇಜಿಆರ್ ಮುಚ್ಚಿದಾಗ ಮಸಿ ಕಡಿಮೆಯೇ ಆಗುತ್ತದೆ! ಹೆಚ್ಚಾಗುವ ನೈಟ್ರೋಜನ್ ಆಕ್ಸೈಡ್ ಅನ್ನು ಅಳೆಯುವುದೇ ಇಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ಕರ್ನಾಟಕದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು. ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಹಗಲೂ ರಾತ್ರಿ ಪಕ್ಕದಲ್ಲೇ ಹಾಯುವ ಈ ಊರಿನ ತಪಾಸಣಾ ಕೇಂದ್ರಗಳಿಗೆ ಮೊದಲು ಆ ಅಳತೆಯ ಯಂತ್ರ ಬರಬೇಕು.