ಜಗಳಕ್ಕೆ ಮುಂಚೆ ನಿದ್ದೆ ಹೇಗಿತ್ತು?

ವಿಜಯಪುರದ ನನ್ನ ಕ್ಲಿನಿಕ್‌ಗೆ ಮಗನನ್ನು ಕರೆತರುವ ಅಪ್ಪ-ಅಮ್ಮ ಕುಳಿತ ಕೂಡಲೇ ಹೇಳುವ ಮಾತು ಒಂದೇ: "ಡಾಕ್ಟ್ರ, ಆ ಹುಡುಗಿ ಬಿಟ್ಟ್ ಹೋದ ಮ್ಯಾಲೆ ಇವನ ತಲಿ ಕೆಟ್ಟೈತ್ರಿ." ಪ್ರೀತಿ ಮುರಿದರೆ ಮಕ್ಕಳಿಗೆ ನೋವಾಗುತ್ತದೆ, ನಿಜ. ಆದರೆ ಮನಸ್ಸು ಕೆಲಕಾಲ ಅತಿಯಾಗಿ ಏರಿ, ಕೆಲಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಯಲ್ಲಿ ಎಷ್ಟೋ ಸಲ ನಡೆದಿರುವುದು ಇದರ ತಿರುವುಮುರುವು. ಕಾಯಿಲೆ ಮೊದಲು ಬಂದಿರುತ್ತದೆ, ಜಗಳ ಆಮೇಲೆ.

ಹಲವರ ಕಥೆ ಕೂಡಿಸಿ ಒಬ್ಬ ಹುಡುಗನನ್ನು ನೆನೆಯೋಣ. ಪಿಯುಸಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಮೂರು ತಾಸು ಮಲಗಿ ಎದ್ದರೂ ದಣಿವಿಲ್ಲ. ರಾತ್ರಿ ಎರಡಕ್ಕೆ ಗೆಳತಿಗೆ ಸಾಲು ಸಾಲು ಮೆಸೇಜು, ಉತ್ತರ ಬರದಿದ್ದರೆ ಸಿಟ್ಟು. ಸಾಲ ಮಾಡಿ ಗೆಳೆಯರಿಗೆಲ್ಲ ಊಟ ಕೊಡಿಸುತ್ತಾನೆ, ಮರುದಿನ ಅವರನ್ನೇ ಬೈಯುತ್ತಾನೆ. ಆ ಹುಡುಗಿ ಹೆದರಿ ನಂಬರ್ ಬ್ಲಾಕ್ ಮಾಡುತ್ತಾಳೆ. ಕೆಲವು ವಾರಗಳಲ್ಲಿ ಅವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಮನೆಯವರ ಕಣ್ಣಿಗೆ ಬೀಳುವುದು ಈ ಕೊನೆಯ ಭಾಗ ಮಾತ್ರ.

ಅಷ್ಟನ್ನೇ ಕೇಳಿ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ, ಬೈಪೋಲಾರ್ ಇರುವವರು ಮತ್ತೆ ಉನ್ಮಾದಕ್ಕೆ, ಅಂದರೆ ನಿದ್ದೆ ಬೇಡದ ಆ ಏರಿದ ಸ್ಥಿತಿಗೆ (ಮೇನಿಯಾ) ಜಾರಬಹುದು. ಅದಕ್ಕೇ ನಾನು ಮೊದಲು ಕೇಳುವುದು ಜಗಳಕ್ಕೆ ಹಿಂದಿನ ವಾರಗಳ ನಿದ್ದೆಯ ಬಗ್ಗೆ. ಉನ್ಮಾದ ಅನ್ನಲು ಸಾಮಾನ್ಯವಾಗಿ ಕನಿಷ್ಠ 1 ವಾರ, ಅದರ ಸೌಮ್ಯ ರೂಪಕ್ಕೆ 4 ದಿನ, ಖಿನ್ನತೆಗೆ 2 ವಾರ ಲಕ್ಷಣ ಇರಬೇಕು. ಬೆಳಿಗ್ಗೆ ಸಿಟ್ಟು, ಸಂಜೆ ನಗು ಅನ್ನುವುದು ಹದಿನಾರರ ವಯಸ್ಸು ಅಷ್ಟೇ.

ನಿದ್ದೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ಯಾರಿಗೆ? ರೂಮ್‌ಮೇಟ್‌ಗೆ, ಬೆಂಚಿನ ಗೆಳೆಯನಿಗೆ, ಆ ಗೆಳತಿಗೆ. ಮನೆಯವರು ಮೊದಲು ದೂರ ಮಾಡುವುದೂ ಇವರನ್ನೇ. "ನಿಮ್ಮಿಂದಾನೇ ಹಿಂಗಾತು" ಎಂದು ಬಾಗಿಲಿಂದಲೇ ಕಳಿಸಿರುತ್ತಾರೆ. ರಾತ್ರಿ ಮೊಬೈಲ್ ತೆಗೆದಿಡುವುದು ಸರಿ, ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ಗೆಳೆಯರನ್ನೇ ಕಿತ್ತುಕೊಳ್ಳುವುದು ತಪ್ಪು. ಸಾಧ್ಯವಾದರೆ, ಮಗ ಒಪ್ಪಿದರೆ, ಒಬ್ಬ ಗೆಳೆಯನನ್ನೂ ಜೊತೆಗೆ ಕರೆತನ್ನಿ.

ಮಗಳಿಗೆ ಈ ಕಾಯಿಲೆ ಬಂದರೆ ಕಾಲೇಜು ಬಿಡಿಸಿ ಗಂಡು ನೋಡುವವರಿದ್ದಾರೆ. ಇದು ನನಗೆ ತಡೆಯಲಾಗದ ಸಂಕಟ. ಮದುವೆಯಿಂದ ಬೈಪೋಲಾರ್ ಹೋಗುವುದಿಲ್ಲ. ಹೆರಿಗೆಯ ನಂತರದ ವಾರಗಳಲ್ಲಂತೂ ಅದು ಮರಳುವ ಸಾಧ್ಯತೆ ಜಾಸ್ತಿ. ಇದಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಮಾತ್ರೆ ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಮುಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗಿ ಮಾತ್ರೆಯನ್ನೂ ಬಚ್ಚಿಟ್ಟು ನುಂಗಬೇಕಾಗುತ್ತದೆ, ಇಲ್ಲವೇ ಬಿಟ್ಟೇಬಿಡುತ್ತಾಳೆ.

ಗೆಳೆಯರಿಗೂ ಒಂದು ಮಾತು. ಅವನು ಏರಿದ ಸ್ಥಿತಿಯಲ್ಲಿದ್ದಾಗ ವಾದಕ್ಕೆ ಇಳಿಯಬೇಡಿ, ದೊಡ್ಡವರಿಗೆ ತಿಳಿಸಿ. ಬೆದರಿಕೆ, ಹೊಡೆತ ಸಹಿಸುವುದು ಗೆಳೆತನವಲ್ಲ. ದೂರ ಸರಿದ ಹುಡುಗಿ ತಪ್ಪು ಮಾಡಿಲ್ಲ. ಸಾಯುವ ಮಾತಾಡಿ "ಯಾರಿಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಿದ್ದರೆ, ಆ ಆಣೆ ಮುರಿಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಬೈಪೋಲಾರ್‌ಗೆ ಕೊಡುವ ಇನ್ನೊಂದು ಔಷಧಿಯಾದ ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಬೇಕು. ನಮ್ಮೂರಿನ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ, ವಾಂತಿಭೇದಿ ಆದರೆ, ಅಂಗಡಿಯಿಂದ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಗುಣಮುಖರಾದ ಮಕ್ಕಳನ್ನು ಕಾಡುವುದು ನಾಚಿಕೆ. ಆಗ ಏನೇನು ಬರೆದಿದ್ದೆ ಎಂದು ಮೆಸೇಜು ಓದಿ ಅಳುತ್ತಾರೆ, ಅವತ್ತೇ ಎಲ್ಲರ ಕ್ಷಮೆ ಕೇಳಲು ಹೊರಡುತ್ತಾರೆ. ನಾನು ತಡೆದು ಹೀಗೆ ಹೇಳುತ್ತೇನೆ: ಕೆಲವು ವಾರ ನಿದ್ದೆ ಸರಿಯಾಗಿ ಬರಲಿ, ಆಮೇಲೆ ಗೆಳೆಯರಿಗೆ ಬರೆ. ನಡೆದದ್ದು, ಈಗ ಚಿಕಿತ್ಸೆ ತೆಗೆದುಕೊಳ್ಳುತ್ತಿರುವುದು, ಅಷ್ಟು ಸಾಕು. ಬ್ಲಾಕ್ ಮಾಡಿದವಳನ್ನು ಬೇರೆ ನಂಬರಿನಿಂದ ಹುಡುಕಬೇಡ. ಉತ್ತರ ಬರದಿದ್ದರೆ ಎರಡನೇ ಮೆಸೇಜು ಬೇಡ.