ಕಣ್ಣಲ್ಲೇ ಕುರಿ ತಿರುಗಿಸುವ ನಾಯಿ, ಬೆನ್ನ ಮೇಲೆ ಓಡುವ ನಾಯಿ

ನಮ್ಮ ಕಡೆ ಕುರಿ ಮಂದೆಯ ಜೊತೆ ಇರುವುದು ಕಾವಲಿನ ನಾಯಿ. ಕೊಪ್ಪಳ, ಗದಗದ ಬಯಲಲ್ಲಿ ಕುರುಬರ ಮಂದೆ ರಾತ್ರಿ ತಂಗಿದಾಗ ತೋಳ ಹತ್ತಿರ ಬಂದರೆ ಬೊಗಳಿ ಎಬ್ಬಿಸಬೇಕು, ಬೇಕಾದರೆ ಎದುರು ನಿಲ್ಲಬೇಕು. ಮಂದೆಯನ್ನು ತಿರುಗಿಸುವುದು, ಒಟ್ಟು ಮಾಡುವುದು ಕುರಿಗಾಹಿಯ ಕೆಲಸ. ಅವನು ದಿನವಿಡೀ ಕುರಿಗಳ ಜೊತೆಗೇ ನಡೆಯುತ್ತಾನೆ. ಅವನ ಕೂಗು, ಸಿಳ್ಳೆ ಅವುಗಳಿಗೆ ಗೊತ್ತು.

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಯಲ್ಲಿರುವ ಗುಡ್ಡಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತೋಳ ಅಳಿದು ನೂರಾರು ವರ್ಷವಾಯಿತು. ಕುರಿಗಳನ್ನು ಗುಡ್ಡಕ್ಕೆ ಬಿಟ್ಟು ಬರುತ್ತಾರೆ. ಉಣ್ಣೆ ಕತ್ತರಿಸಬೇಕು, ಔಷಧಿ ಕುಡಿಸಬೇಕು, ಮರಿ ಬೇರೆ ಮಾಡಬೇಕು ಅಂದಾಗ ಚದುರಿದ ಕುರಿಗಳನ್ನೆಲ್ಲ ಕೆಳಗಿಳಿಸಬೇಕು. ಒಬ್ಬ ಮನುಷ್ಯ ಹತ್ತಿ ಇಳಿಯುತ್ತ ಕೂತರೆ ದಿನ ಸಾಲದು. ಈ ಕೆಲಸಕ್ಕೆ ಬೆಳೆಸಿದ ನಾಯಿ ಬಾರ್ಡರ್ ಕೋಲಿ. ಅದೇ ಸ್ಕಾಟಿಷ್ ಕೋಲಿ ನಾಯಿಗಳ ರಕ್ತ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಹೋಗಿ, ಅಲ್ಲಿನ ಬಿಸಿಲು ಮತ್ತು ದೂರಕ್ಕೆ ತಕ್ಕಂತೆ ಬೆಳೆದದ್ದು ಕೆಲ್ಪಿ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಎರಡೂ ಸುಮಾರು 14ರಿಂದ 20 ಕೆಜಿ ತೂಗುತ್ತವೆ. ಇವುಗಳಲ್ಲಿ ಯಾವುದು ಮನೆಗೆ ಒಳ್ಳೆಯದು ಅಂತ ಕೇಳುವವರು ಈಗ ಬೆಂಗಳೂರಿನಲ್ಲೂ ಇದ್ದಾರೆ, ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲೂ ಇದ್ದಾರೆ. ಅದಕ್ಕೆ ಉತ್ತರ ಹೇಳುವ ಮೊದಲು ಇವುಗಳ ಕೆಲಸವನ್ನು ನೋಡಬೇಕು. ಯಾಕಂದ್ರೆ ಮನೆಯಲ್ಲಿ ನಮಗೆ ಕಾಟ ಅನ್ನಿಸುವ ಇವುಗಳ ಬಹುಪಾಲು ಗುಣಗಳನ್ನು ಹೊಲದಲ್ಲಿ ಯಾರೋ ಬೇಕೆಂದೇ ಆರಿಸಿ ಬೆಳೆಸಿದ್ದಾರೆ.

ತೋಳ ಬೇಟೆಯಾಡುವಾಗ ಒಂದರ ಹಿಂದೆ ಒಂದು ಹೆಜ್ಜೆಗಳಿವೆ. ಪ್ರಾಣಿಯನ್ನು ಗುರುತಿಸುವುದು, ಕಣ್ಣಿಡುವುದು, ಮೈ ತಗ್ಗಿಸಿ ಹೊಂಚುವುದು, ಅಟ್ಟುವುದು, ಹಿಡಿದು ಕಚ್ಚುವುದು, ಕೊಲ್ಲುವುದು. ಕುರಿ ತಿರುಗಿಸುವ ನಾಯಿಯಲ್ಲಿ ಮೊದಲ ನಾಲ್ಕು ಹೆಜ್ಜೆಗಳನ್ನು ಹಿಗ್ಗಿಸಿ, ಕೊನೆಯ ಎರಡನ್ನು ಅದುಮಲಾಗಿದೆ. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕೊಪಿಂಗರ್ ಇದನ್ನು ಬಹಳ ಚೆನ್ನಾಗಿ ವಿವರಿಸಿದರು. ಕಾವಲಿನ ನಾಯಿಯಲ್ಲಿ ಈ ಸರಪಳಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಅದಕ್ಕೇ ಅದು ಕುರಿಮರಿಯ ಪಕ್ಕದಲ್ಲಿ ಸುಮ್ಮನೆ ನಿದ್ದೆ ಮಾಡುತ್ತದೆ. ಬಾರ್ಡರ್ ಕೋಲಿಗೆ ಹಾಗೆ ಮಲಗೋದು ಕಷ್ಟ. ಅದರ ತಲೆಯೊಳಗೆ ಅರ್ಧ ಬೇಟೆ ಯಾವಾಗಲೂ ನಡೆಯುತ್ತಲೇ ಇರುತ್ತದೆ.

ಬಾರ್ಡರ್ ಕೋಲಿಗಳ ಮೂಲಪುರುಷ ಅನ್ನಬಹುದಾದ ನಾಯಿಯ ಹೆಸರು ಓಲ್ಡ್ ಹೆಂಪ್. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹುಟ್ಟಿದ. ಅದಕ್ಕೂ ಮೊದಲಿನ ಎಷ್ಟೋ ನಾಯಿಗಳು ಬೊಗಳುತ್ತ, ಮೇಲೆ ಬೀಳುತ್ತ ಕುರಿ ಅಟ್ಟುತ್ತಿದ್ದವು. ಹೆಂಪ್ ಬೊಗಳುತ್ತಿರಲಿಲ್ಲ. ತಲೆ ತಗ್ಗಿಸಿ, ಕಣ್ಣು ಕೀಲಿಸಿ, ಮೆಲ್ಲಗೆ ಹೆಜ್ಜೆ ಇಟ್ಟರೆ ಸಾಕು, ಕುರಿಗಳು ತಿರುಗುತ್ತಿದ್ದವು. ಊರೂರಿನ ಕುರಿಗಾಹಿಗಳು ಅವನಿಂದ ಮರಿ ಬೇಕೆಂದು ಬಂದರು. ಅವನು ಬದುಕಿದ್ದು 1901ರವರೆಗೆ ಮಾತ್ರ. ಆದರೆ ಇವತ್ತಿನ ಬಾರ್ಡರ್ ಕೋಲಿಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಹೆಚ್ಚುಕಡಿಮೆ ಎಲ್ಲವೂ ಅವನ ಹತ್ತಿರ ಬಂದು ಮುಟ್ಟುತ್ತವೆ. 1906ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ನಾಯಿಯ ಚಂದಕ್ಕಿಂತ ಕೆಲಸಕ್ಕೇ ಬೆಲೆ ಕೊಟ್ಟಿತು. ಕಿವಿ ಹೇಗಿದ್ದರೂ, ಬಣ್ಣ ಯಾವುದಾದರೂ, ಕುರಿ ತರಬೇಕು ಅಷ್ಟೇ.

ಆ ಕೆಲಸ ನೋಡುವುದೇ ಒಂದು ಆನಂದ. ಕುರಿಗಾಹಿ ಕೆಳಗೆ ನಿಂತಿರುತ್ತಾನೆ, ಕುರಿಗಳು ನಾನೂರು ಮೀಟರ್ ದೂರದ ಇಳಿಜಾರಿನಲ್ಲಿ. 'ಕಮ್ ಬೈ' ಅಂದರೆ ನಾಯಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು, 'ಅವೇ ಟು ಮಿ' ಅಂದರೆ ಅದಕ್ಕೆ ಎದುರು ದಿಕ್ಕು. ನಾಯಿ ನೇರವಾಗಿ ಕುರಿಗಳ ಕಡೆ ಓಡುವುದಿಲ್ಲ. ಹಾಗೆ ಓಡಿದರೆ ಅವು ಇನ್ನೂ ಮೇಲಕ್ಕೆ ಓಡುತ್ತವೆ. ಅದು ಅಗಲವಾಗಿ ಬಳಸಿ, ಮೇಲಕ್ಕೆ ಹೋದಂತೆ ಇನ್ನಷ್ಟು ಅಗಲವಾಗಿ, ಕುರಿಗಳಿಗೆ ಗೊತ್ತಾಗದಷ್ಟು ದೂರದಿಂದ ಅವುಗಳ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಒಂದು ಕ್ಷಣ ಹೊಟ್ಟೆ ನೆಲಕ್ಕೆ ತಾಗಿಸುತ್ತದೆ. ಒಂದು ಹೆಣ್ಣು ಕುರಿ ಮೇಯುವುದು ಬಿಟ್ಟು ತಲೆ ಎತ್ತುತ್ತದೆ. ನಾಯಿ ಒಂದು ಹೆಜ್ಜೆ ಇಡುತ್ತದೆ, ಕುರಿ ಮುಖ ತಿರುಗಿಸುತ್ತದೆ, ಉಳಿದವು ಅದರ ಹಿಂದೆ. ಅಲ್ಲಿಂದ ಮುಂದೆ ಎಲ್ಲ ದೂರದ ಲೆಕ್ಕ. ಪ್ರತಿ ಕುರಿಯ ಸುತ್ತಲೂ ಕಣ್ಣಿಗೆ ಕಾಣದ ಒಂದು ಗಡಿ ಇದೆ. ನಾಯಿ ಅದರ ಆಚೆ ನಿಂತರೆ ಕುರಿ ಅಲುಗುವುದಿಲ್ಲ, ತೀರಾ ಒಳಗೆ ಬಂದರೆ ದಿಕ್ಕಾಪಾಲಾಗಿ ಓಡುತ್ತದೆ. ಒಳ್ಳೆಯ ನಾಯಿ ಆ ಗಡಿಯ ಅಂಚಿನಲ್ಲೇ ನಡೆಯುತ್ತದೆ.

ಈಗ ಆಸ್ಟ್ರೇಲಿಯಾಕ್ಕೆ ಬರೋಣ. 1870ರ ದಶಕದ ಶುರುವಿನಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಕ್ಯಾಸ್ಟರ್ಟನ್ ಹತ್ತಿರ, ವಾರಕ್ ಎಂಬ ಕುರಿ ಫಾರಂನಲ್ಲಿ ಕಪ್ಪು-ಕಂದು ಬಣ್ಣದ ಒಂದು ಹೆಣ್ಣು ಮರಿ ಹುಟ್ಟಿತು. ಜ್ಯಾಕ್ ಗ್ಲೀಸನ್ ಎಂಬ ಸವಾರ ಅದನ್ನು ಪಡೆದು ಕೆಲ್ಪಿ ಅಂತ ಹೆಸರಿಟ್ಟ. ಕುದುರೆ ಕೊಟ್ಟು ಮರಿ ತಂದ ಅಂತ ಊರಿನ ಕಥೆ. ಆಮೇಲೆ ಅದೇ ಹೆಸರು ಮಗಳಿಗೂ, ಕೊನೆಗೆ ತಳಿಗೂ ನಿಂತಿತು.

ಕೆಲ್ಪಿಯಲ್ಲಿ ಆಸ್ಟ್ರೇಲಿಯಾದ ಕಾಡುನಾಯಿ ಡಿಂಗೋದ ರಕ್ತ ಇದೆ ಅಂತ ಅಲ್ಲಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. ನೆಟ್ಟಗಿನ ಕಿವಿ, ಕೆಲವಕ್ಕೆ ಇರುವ ಕೆಂಚು ಬಣ್ಣ ನೋಡಿದರೆ ಹೌದು ಅನ್ನಿಸೋದು ಸಹಜ. 2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಿವಿ ಮತ್ತು ಬಣ್ಣಕ್ಕೆ ಸಂಬಂಧಿಸಿದ ಡಿಎನ್‌ಎ ಭಾಗಗಳನ್ನು ಹೋಲಿಸಿ ನೋಡಿದರು. ಡಿಂಗೋ ಸಂಬಂಧಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಕೆಲ್ಪಿಯನ್ನು ಬೇರೆ ಮಾಡಿದ್ದು ನೆಲ ಮತ್ತು ಮಂದೆ. ಅಲ್ಲಿನ ಮಂದೆ ಅಂದರೆ ಸಾವಿರಾರು ಮೆರಿನೋ ಕುರಿಗಳು. ದೂರದಿಂದ ಅಟ್ಟಿಕೊಂಡು ಬಂದರೆ ಕೆಲಸ ಮುಗಿಯಲಿಲ್ಲ, ದೊಡ್ಡಿಗೆ ತುಂಬಬೇಕು, ಕಿರಿದಾದ ಓಣಿಯಲ್ಲಿ ಒಂದೊಂದಾಗಿ ದಾಟಿಸಬೇಕು, ಲಾರಿಗೆ ಹತ್ತಿಸಬೇಕು. ಇಲ್ಲಿ ಮೌನದ ನೋಟ ಸಾಲದು. ಧೂಳಿನಲ್ಲಿ ಮುನ್ನೂರು ಕುರಿಗಳು ಒತ್ತಿಕೊಂಡು ನಿಂತಿರುತ್ತವೆ, ಮುಂದಿನದು ಬಾಗಿಲಲ್ಲಿ ಹಟ ಹಿಡಿದು ನಿಂತಿರುತ್ತದೆ. ಹಿಂದಿನಿಂದ ಎಷ್ಟು ಅಟ್ಟಿದರೂ ಒತ್ತಡ ಜಾಸ್ತಿ ಆಗುತ್ತದೆಯೇ ಹೊರತು ಸಾಲು ಸರಿಯುವುದಿಲ್ಲ. ಆಗ ಕೆಲ್ಪಿ ಹಿಂದಿನ ಕುರಿಯ ಬೆನ್ನ ಮೇಲೆ ಹಾರಿ, ದಟ್ಟ ಉಣ್ಣೆಯ ಮೇಲೆ ದಬದಬ ಓಡಿ, ಮುಂಭಾಗಕ್ಕೆ ಹೋಗಿ ಕೆಳಗೆ ಧುಮುಕುತ್ತದೆ. ಎರಡು ಸಲ ಗಟ್ಟಿಯಾಗಿ ಬೊಗಳುತ್ತದೆ. ಮುಂದಿನ ಕುರಿ ಕದಲಿದ್ದೇ ತಡ, ಸಾಲು ಹರಿಯುತ್ತದೆ. ನಾಯಿ ಮತ್ತೆ ಬೆನ್ನುಗಳ ಮೇಲಿಂದಲೇ ಹಿಂದಕ್ಕೆ. ಕೆಲವು ಬಾರ್ಡರ್ ಕೋಲಿಗಳೂ ಇದನ್ನು ಕಲಿಯುತ್ತವೆ, ಆದರೆ ಕೆಲ್ಪಿಗೆ ಇದು ಹುಟ್ಟುಗುಣ. ಗಿಡ್ಡ ಕೂದಲು, ಹಗುರ ಮೈ ಇರುವುದರಿಂದ ಬಿಸಿಲಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ಯಜಮಾನ ಕಣ್ಣಿಗೆ ಬೀಳದಷ್ಟು ದೂರ ಹೋದಾಗ ತಾನೇ ತೀರ್ಮಾನ ಮಾಡಿ ಕೆಲಸ ಮುಂದುವರಿಸುತ್ತದೆ. ಬಾರ್ಡರ್ ಕೋಲಿ ಸಾಮಾನ್ಯವಾಗಿ ಯಜಮಾನನ ಮುಂದಿನ ಮಾತಿಗೆ ಕಿವಿ ನೆಟ್ಟಿರುತ್ತದೆ.

ಮಂದೆ ಯಾಕೆ ನಾಯಿಗೆ ಮಣಿಯುತ್ತದೆ ಅನ್ನೋದನ್ನು ಅಳೆದು ನೋಡಿದ್ದು ಕೂಡ ಒಂದು ಕೆಲ್ಪಿಯ ಸಹಾಯದಿಂದ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಕುರಿಗಳಿಗೂ ನಾಯಿಗೂ ಜಿಪಿಎಸ್ ಕಟ್ಟಿ ಬಿಟ್ಟರು. ನಾಯಿ ಹತ್ತಿರ ಬಂದಾಗ ಪ್ರತಿ ಕುರಿಯೂ ಮಂದೆಯ ನಡುವಿಗೆ ನುಗ್ಗುತ್ತಿತ್ತು, ಅಂಚಿನಲ್ಲಿ ನಿಲ್ಲಲು ಯಾವುದಕ್ಕೂ ಇಷ್ಟವಿಲ್ಲ. 2012ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ಮೇಲೆ ಅದೇ ಮಾಹಿತಿ ಹಿಡಿದು, ನಾಯಿಗೆ ಎರಡೇ ನಿಯಮ ಸಾಕು ಅಂತ ಲೆಕ್ಕದಲ್ಲಿ ತೋರಿಸಿದರು. ಕುರಿಗಳು ಚದುರಿದ್ದರೆ ಅತಿ ದೂರದ ಕುರಿಯ ಹಿಂದೆ ಹೋಗಿ ಒಳಕ್ಕೆ ತಾ. ಒಟ್ಟಾಗಿದ್ದರೆ ಹಿಂದಿನಿಂದ ಗುರಿಯ ಕಡೆ ಅಟ್ಟು. ಕುರಿನಾಯಿಗಳು ಮಂದೆಯ ಹಿಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತ ನಡೆಯುವುದು ಈ ಎರಡು ನಿಯಮಗಳಿಂದಲೇ ಕಂಪ್ಯೂಟರಿನಲ್ಲೂ ತಾನಾಗಿ ಮೂಡಿಬಂತು. ನನಗೆ ಇದು ತುಂಬ ಮೆಚ್ಚುಗೆಯಾದ ಸಂಶೋಧನೆ.

ಇಂಥ ನಾಯಿಯ ಬೆಲೆ ಎಷ್ಟು? 2014ರ ಒಂದು ಆಸ್ಟ್ರೇಲಿಯನ್ ಅಧ್ಯಯನದ ಪ್ರಕಾರ ಒಂದು ನಾಯಿ ಜೀವಮಾನದಲ್ಲಿ ಮಾಡುವ ಕೆಲಸದ ಬೆಲೆ ಸುಮಾರು 40,000 ಆಸ್ಟ್ರೇಲಿಯನ್ ಡಾಲರ್, ಸಾಕುವ ಖರ್ಚು 8,000ಕ್ಕಿಂತ ಕಡಿಮೆ. 2021ರಲ್ಲಿ ಹೂವರ್ ಎಂಬ ಕೆಲ್ಪಿ ಕ್ಯಾಸ್ಟರ್ಟನ್ ಹರಾಜಿನಲ್ಲಿ 35,200 ಡಾಲರಿಗೆ ಹೋಯಿತು. ಅದೇ ವರ್ಷ ವೇಲ್ಸ್‌ನಲ್ಲಿ ಕಿಮ್ ಎಂಬ ಬಾರ್ಡರ್ ಕೋಲಿ 27,100 ಪೌಂಡಿಗೆ ಮಾರಾಟವಾಯಿತು.

ಇನ್ನು ಮನೆಯ ಮಾತು. ಬಾರ್ಡರ್ ಕೋಲಿ ಅಂದ ಕೂಡಲೇ ಜನ ಬುದ್ಧಿವಂತಿಕೆಯ ಮಾತಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕ ಜಾನ್ ಪಿಲಿ ತಮ್ಮ ಬಾರ್ಡರ್ ಕೋಲಿ ಚೇಸರ್‌ಗೆ 1,022 ವಸ್ತುಗಳ ಹೆಸರು ಕಲಿಸಿದರು. ಈ ಸುದ್ದಿ ಓದಿದವರು ಮರೆಯುವ ಮಾತೊಂದಿದೆ. ಪಿಲಿ ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಇದಕ್ಕೇ ಕೊಟ್ಟಿದ್ದರು. ಬುಡಾಪೆಸ್ಟ್‌ನ ಸಂಶೋಧಕರು ಆಮೇಲೆ ಬೇರೆ ನಾಯಿಗಳನ್ನು ಪರೀಕ್ಷಿಸಿದಾಗ ಹೆಸರು ಕಲಿಯುವ ಶಕ್ತಿ ಬಾರ್ಡರ್ ಕೋಲಿಗಳಲ್ಲೂ ಅಪರೂಪ ಅಂತ ಗೊತ್ತಾಯಿತು.

ಕೆಲಸ ಸಿಗದ ಕುರಿನಾಯಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಅಂಗಳದಲ್ಲಿ ಓಡುವ ಮಕ್ಕಳನ್ನು ಒಂದು ಮೂಲೆಗೆ ಸೇರಿಸುತ್ತದೆ, ಹಿಮ್ಮಡಿಗೆ ಬಾಯಿ ಹಾಕುತ್ತದೆ. ಸ್ಕೂಟರಿನ ಚಕ್ರದ ಹಿಂದೆ ಬೀಳುತ್ತದೆ. ಗೋಡೆಯ ಮೇಲಿನ ನೆರಳನ್ನು, ವಾಚಿನ ಬೆಳಕನ್ನು ಗಂಟೆಗಟ್ಟಲೆ ದಿಟ್ಟಿಸುವ ಬಾರ್ಡರ್ ಕೋಲಿಗಳಿವೆ. ನೋಡುವವರಿಗೆ ಮುದ್ದು ಅನ್ನಿಸುತ್ತದೆ, ವಿಡಿಯೊ ಮಾಡುತ್ತಾರೆ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಆ ನಾಯಿ ಎಂದೂ ಕದಲದ ಕುರಿಯ ಮುಂದೆ ನಿಂತಿದೆ. ದಿನಕ್ಕೆ ನೂರು ಸಲ ಚೆಂಡು ಎಸೆದರೆ ಸರಿಹೋಗುತ್ತದೆ ಅಂತ ಹಲವರು ನಂಬಿದ್ದಾರೆ. ಅಟ್ಟುವ ಹೆಜ್ಜೆಯನ್ನೇ ಮತ್ತೆ ಮತ್ತೆ ಕೆರಳಿಸಿದರೆ ನಾಯಿ ಶಾಂತವಾಗುವ ಬದಲು ಇನ್ನಷ್ಟು ಚಡಪಡಿಸುತ್ತದೆ. ವಾಸನೆ ಹಿಡಿದು ಹುಡುಕುವ ಆಟ, ಹೊಸ ದಾರಿಯಲ್ಲಿ ನಿಧಾನ ನಡಿಗೆ, ಸುಮ್ನೆ ಮಲಗುವುದನ್ನು ಕಲಿಸುವುದು, ಇವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಶಬ್ದದ ವಿಷಯವೂ ಇದೆ. ದೂರದ ಸಿಳ್ಳೆಯಲ್ಲಿನ ಸಣ್ಣ ಏರಿಳಿತ ಹಿಡಿಯುವ ಕಿವಿ ದೀಪಾವಳಿಯ ಪಟಾಕಿಯನ್ನು ಹೇಗೆ ತಾಳಬೇಕು? ಬಾರ್ಡರ್ ಕೋಲಿಗಳಲ್ಲಿ ಶಬ್ದದ ಹೆದರಿಕೆ ಜಾಸ್ತಿ. ಜೋರಾಗಿ ಗದರಿದರೂ ಕುಗ್ಗಿಹೋಗುವ ನಾಯಿ ಅದು. ಕೆಲ್ಪಿ ದೊಡ್ಡಿಯ ಗಲಾಟೆಯಲ್ಲಿ ಬೆಳೆದದ್ದು, ಸ್ವಲ್ಪ ಗಟ್ಟಿ. ಆದರೆ ಬೊಗಳುವುದು ಅದರ ಕಸುಬು, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಅದನ್ನು ಕಸುಬು ಅಂತ ಒಪ್ಪಲ್ಲ. ಗೇಟು, ಕಾಂಪೌಂಡು ಹಾರೋದು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬಿಸಿಲಿನ ವಿಷಯದಲ್ಲಿ ಎಚ್ಚರ ಬೇಕು. ಸೆಕೆಯಲ್ಲಿ ಐದರಿಂದ ಹದಿನೈದು ನಿಮಿಷ ಜೋರಾಗಿ ಓಡಿದ ಬಾರ್ಡರ್ ಕೋಲಿ ಕೆಲವೊಮ್ಮೆ ತೂರಾಡಿ, ದಿಕ್ಕು ತಪ್ಪಿ ಕುಸಿಯುತ್ತದೆ. ಕೆಲ್ಪಿಗಳಲ್ಲೂ ಇದು ಕಂಡುಬಂದಿದೆ. ತಕ್ಷಣ ಓಟ ನಿಲ್ಲಿಸಿ ತಣ್ಣಗೆ ಮಾಡಬೇಕು, ವೈದ್ಯರಿಗೆ ತೋರಿಸಬೇಕು. ಬಾರ್ಡರ್ ಕೋಲಿ ಮರಿ ಕೊಳ್ಳುವವರು ತಂದೆ-ತಾಯಿಯ ಕಣ್ಣಿನ ಅನುವಂಶಿಕ ದೋಷದ ಡಿಎನ್‌ಎ ಪರೀಕ್ಷೆಯ ವರದಿ ಕೇಳಲೇಬೇಕು.

ಹಾಗಾದರೆ ಯಾವುದು? ಊರಾಚೆ ತೋಟ, ಗಟ್ಟಿ ಬೇಲಿ, ಇಡೀ ದಿನ ಜೊತೆಗಿರುವ ಜನ ಇದ್ದರೆ ನಮ್ಮ ಹವೆಗೆ ಕೆಲ್ಪಿಯ ಗಿಡ್ಡ ಕೂದಲು ಹೊಂದುತ್ತದೆ. ತರಬೇತಿ ಕೊಡುವುದರಲ್ಲೇ ಖುಷಿ ಕಾಣುವ ಒಬ್ಬ ಮನುಷ್ಯ, ಸದ್ದು ಕಡಿಮೆ ಇರುವ ಮನೆ ಇದ್ದರೆ ಬಾರ್ಡರ್ ಕೋಲಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ಫ್ಲಾಟಿಗೆ ಎರಡೂ ಬೇಡ. ನಾನು ಇದನ್ನು ಕಡ್ಡಿ ಮುರಿದಂತೆ ಹೇಳುತ್ತೇನೆ.

ತಳಿಯ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. 2022ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. 4,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದ ಮೊದಲನೆಯದರಲ್ಲಿ, ಕುರಿನಾಯಿಗಳ ವಂಶದಲ್ಲಿ ಮಿದುಳಿನ ನರತಂತುಗಳು ಹೇಗೆ ಜೋಡಣೆಯಾಗಬೇಕು ಅನ್ನುವುದಕ್ಕೆ ಸಂಬಂಧಿಸಿದ ಜೀನ್‌ಗಳ ಹತ್ತಿರ ವಿಶೇಷ ಬದಲಾವಣೆಗಳು ಕಂಡವು. ಅಂದರೆ ಇಡೀ ವಂಶಕ್ಕೆ ಒಂದು ಒಲವು ಇರುವುದು ನಿಜ. 18,000ಕ್ಕೂ ಹೆಚ್ಚು ನಾಯಿಗಳ ಯಜಮಾನರನ್ನು ಪ್ರಶ್ನಿಸಿದ ಎರಡನೆಯದರಲ್ಲಿ, ನಾಯಿಯಿಂದ ನಾಯಿಗೆ ಇರುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ ಅಂತ ಸಿಕ್ಕಿತು. ಒಂದೇ ತಳಿಯೊಳಗೂ ಕವಲುಗಳಿವೆ. ಪ್ರದರ್ಶನದ ರಿಂಗಿಗೆಂದು ಬೆಳೆಸಿದ ಬಾರ್ಡರ್ ಕೋಲಿ ಮತ್ತು ಕೆಲ್ಪಿಗಳು ಹೊಲದವಕ್ಕಿಂತ ಬೇರೆ. 1995ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ ಬಾರ್ಡರ್ ಕೋಲಿಗೆ ಮಾನ್ಯತೆ ಕೊಟ್ಟಾಗ ಕುರಿ ಕೆಲಸದವರು ಜೋರಾಗಿ ವಿರೋಧಿಸಿದ್ದು, ಚಂದಕ್ಕಾಗಿ ಸಾಕಿದರೆ ಕೆಲಸದ ಗುಣ ಕರಗಿಹೋಗುತ್ತದೆ ಅಂತ.

ಇದರಿಂದ ಕೊಳ್ಳುವವರಿಗೆ ಒಂದು ಉಪಯೋಗವಿದೆ. ಮರಿಗಿಂತ ಎರಡು ಮೂರು ವರ್ಷದ ನಾಯಿಯನ್ನು ದತ್ತು ಪಡೆಯುವುದು ಜಾಣತನ. ಸಾಕಲಾಗದೆ ಬಿಟ್ಟುಕೊಟ್ಟ ಕುರಿನಾಯಿಗಳು ರಕ್ಷಣಾ ಕೇಂದ್ರಗಳಿಗೆ ಬರುತ್ತಲೇ ಇರುತ್ತವೆ, ಆ ವಯಸ್ಸಿಗೆ ಸ್ವಭಾವವೂ ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಅದನ್ನು ರಸ್ತೆ ಬದಿಗೆ ಕರೆದುಕೊಂಡು ಹೋಗಿ ಸ್ಕೂಟರ್ ಹೋದಾಗ ಏನು ಮಾಡುತ್ತದೆ ನೋಡಿ. ಮಗು ಓಡಿದರೆ ತಲೆ ತಗ್ಗಿಸುತ್ತದಾ, ಕರೆದರೆ ಕಣ್ಣು ತೆಗೆದು ನಿಮ್ಮ ಕಡೆ ನೋಡುತ್ತದಾ ಗಮನಿಸಿ. ಆಮೇಲೆ ಅರ್ಧ ಗಂಟೆ ಒಂದು ಬೆಂಚಿನ ಮೇಲೆ ಏನೂ ಮಾಡದೆ ಕೂತುಕೊಳ್ಳಿ. ಆ ಹೊತ್ತಿನಲ್ಲಿ ತಾನಾಗಿ ಮಲಗಿಕೊಳ್ಳುವ ನಾಯಿ, ಕೆಲ್ಪಿಯಾಗಲಿ ಬಾರ್ಡರ್ ಕೋಲಿಯಾಗಲಿ, ನಿಮ್ಮ ಮನೆಗೆ ಬರಬಹುದು.