ಹಾವಲ್ಲ, ಪೈಪು

ಬದಿಯಡ್ಕದ ಆಚೆ ದೊಡ್ಡಪ್ಪನ ಅಡಿಕೆ ತೋಟ. ಕಳೆದ ಮಳೆಗಾಲದ ಒಂದು ರಾತ್ರಿ ಗುಡ್ಡದಲ್ಲಿ ಕೊರೆದ ಸುರಂಗದ ನೀರು ಟ್ಯಾಂಕಿಗೆ ಬೀಳುವುದು ನಿಂತಿತ್ತು. ಕಸ ಕಟ್ಟಿರಬೇಕೆಂದು ನಾವಿಬ್ಬರೂ ಟಾರ್ಚು ಹಿಡಿದು ಇಳಿದೆವು. ನೀರು ಹರಿಯುವ ಕಣಿ ದಾಟುವಲ್ಲಿ ನನ್ನ ಕಾಲಬುಡದಲ್ಲೇ ಕಪ್ಪಗೆ ಸುರುಳಿ ಸುತ್ತಿಕೊಂಡು ಏನೋ ಬಿದ್ದಿತ್ತು. ಹಿಂದಕ್ಕೆ ಹಾರಿದ ರಭಸಕ್ಕೆ ಒಂದು ಚಪ್ಪಲಿ ಕಣಿಯ ಪಾಲಾಯಿತು. ನೋಡಿದರೆ, ಸ್ಪ್ರಿಂಕ್ಲರಿನ ಹಳೆಯ ಪೈಪು.

ಹಗ್ಗವನ್ನು ಹಾವೆಂದು ಬಗೆಯುವ ವೇದಾಂತದ ದೃಷ್ಟಾಂತದಲ್ಲಿ ದೀಪ ತಂದೊಡನೆ ಭ್ರಮೆ ಹರಿಯುತ್ತದೆ. ನಡುಕ ಮಾತ್ರ ಮೆಲ್ಲಮೆಲ್ಲನೆ ಇಳಿಯುತ್ತದೆ ಎಂದು ವೇದಾಂತಿಗಳೂ ಒಪ್ಪುತ್ತಾರೆ, ಎದೆಯ ಡವಡವವೂ ಹಾಗೆಯೇ. ನನಗಂತೂ ಅದು ಇಳಿಯಲು ಎರಡು ಮೂರು ನಿಮಿಷ ಬೇಕಾಯಿತು. ಹೆದರಿದಾಗ ಎದೆ ಹೊಡೆದುಕೊಳ್ಳುವುದಕ್ಕಿಂತ, ಆಮೇಲೆ ಅದು ತಣ್ಣಗಾಗುವುದೇ ನನಗೆ ಹೆಚ್ಚಿನ ಸೋಜಿಗ.

ಹೆದರಿದಾಗ ನರತುದಿಗಳಿಂದ ಬರುವ ನಾರ್‌ಅಡ್ರಿನಲಿನ್ ಆಗಲಿ, ರಕ್ತದಲ್ಲಿ ಬರುವ ಅಡ್ರಿನಲಿನ್ ಆಗಲಿ ಹೃದಯದ ಜೀವಕೋಶದೊಳಗೆ ಕಾಲಿಟ್ಟೇ ಎದೆ ಹೊಡೆದುಕೊಳ್ಳುವಂತೆ ಮಾಡಬೇಕೆಂದಿಲ್ಲ. ಹೊರಪೊರೆಯಲ್ಲಿ ಸಂದೇಶ ಹಿಡಿಯುವ ಬೀಟಾ ಗ್ರಾಹಕವನ್ನು ಮುಟ್ಟಿದರೆ ಸಾಕು, ಪೊರೆಯಲ್ಲೇ ಇರುವ ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವ ಎಚ್ಚರಗೊಂಡು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವನ್ನು ತಯಾರಿಸತೊಡಗುತ್ತದೆ. 1950ರ ದಶಕದಲ್ಲಿ ಈ ಅಣುವನ್ನು ಪತ್ತೆ ಮಾಡಿದ ಅರ್ಲ್ ಸದರ್‌ಲ್ಯಾಂಡ್ ಹೊರಟಿದ್ದು ಹೃದಯ ನೋಡಲಿಕ್ಕಲ್ಲ, ಪಿತ್ತಜನಕಾಂಗ ಸಕ್ಕರೆ ಬಿಡುವುದು ಹೇಗೆಂದು ತಿಳಿಯಲಿಕ್ಕೆ. 1971ರಲ್ಲಿ ಅವರಿಗೆ ನೊಬೆಲ್ ಬಂತು.

ಸೈಕ್ಲಿಕ್ ಎಎಂಪಿ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ: ಪ್ರೋಟೀನ್ ಕೈನೇಸ್ ಎ. ಇದರ ಕೆಲಸ ಬೊಟ್ಟಿಡುವುದು. ಸಿಕ್ಕ ಸಿಕ್ಕ ಪ್ರೋಟೀನಿಗಲ್ಲ, ಆರಿಸಿದ ಕೆಲವಕ್ಕೆ ಫಾಸ್ಫೇಟಿನ ಬೊಟ್ಟು. ಹೃದಯದ ಸ್ನಾಯುವನ್ನು ಹಿಂಡಿಸುವ ಕ್ಯಾಲ್ಸಿಯಂ ಒಳಬರುವ ಬಾಗಿಲನ್ನು ತಡೆಹಿಡಿದಿರುವ ಪ್ರೋಟೀನಿಗೆ ಇಟ್ಟರೆ ಬಾಗಿಲು ಇನ್ನಷ್ಟು ತೆರೆದುಕೊಳ್ಳುತ್ತದೆ, ಬಡಿತ ಬಿರುಸಾಗುತ್ತದೆ. ಆದರೆ ನಿಮಿಷಕ್ಕೆ 70 ಸಲ ಬಡಿಯುವ ಹೃದಯ 130ಕ್ಕೆ ಏರಿದರೆ, ಎರಡು ಬಡಿತಗಳ ನಡುವೆ ರಕ್ತ ತುಂಬಿಕೊಳ್ಳಲು ಸಿಗುವ ಹೊತ್ತೂ ಕಡಿಮೆ. ಹಿಂಡುವುದರ ಜೊತೆಗೆ ಸಡಿಲಾಗುವುದೂ ಬೇಗ ಆಗಬೇಕು. ಅದಕ್ಕೂ ಇದೇ ಬೊಟ್ಟು! ಕ್ಯಾಲ್ಸಿಯಮ್ಮನ್ನು ಮತ್ತೆ ಕೋಶದೊಳಗಿನ ಉಗ್ರಾಣಕ್ಕೆ ಎತ್ತಿಹಾಕುವ ಸರ್ಕಾ ಎಂಬ ಪಂಪಿನ ಕೈಯನ್ನು ಫಾಸ್ಫೊಲ್ಯಾಂಬನ್ ಎಂಬ ಪುಟ್ಟ ಪ್ರೋಟೀನು ಸದಾ ಹಿಡಿದುಕೊಂಡಿರುತ್ತದೆ. ಬೊಟ್ಟು ಬಿದ್ದೊಡನೆ ಅದು ಹಿಡಿತ ಬಿಡುತ್ತದೆ, ಪಂಪು ಭರದಿಂದ ಓಡುತ್ತದೆ. ಓಡೆಂದವನೇ ದಣಿವಾರಿಸಿಕೋ ಎಂದೂ ಹೇಳಿದಂತೆ.

ಇನ್ನು ಅಳಿಸುವವರು. ಫಾಸ್ಫೊಡೈಎಸ್ಟರೇಸ್ ಕಿಣ್ವಗಳು ಸೈಕ್ಲಿಕ್ ಎಎಂಪಿಯನ್ನು ಮುರಿಯುತ್ತವೆ, ಫಾಸ್ಫಟೇಸ್‌ಗಳು ಬೊಟ್ಟು ಒರೆಸುತ್ತವೆ. ಗದ್ದಲ ಮುಗಿದ ಮೇಲೆ ಬರುವ ಕಸಗುಡಿಸುವವರಲ್ಲ ಇವರು. ಮೊದಲಿನಿಂದಲೂ ಕೆಲಸದಲ್ಲೇ ಇರುತ್ತಾರೆ, ಸಂದೇಶ ಕೋಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹರಡದಂತೆ ಬದು ಕಟ್ಟುತ್ತಾರೆ. ಇವರಲ್ಲಿ ಸೈಕ್ಲಿಕ್ ಎಎಂಪಿ ಮುರಿಯುವ ಒಬ್ಬರ ಕೈ ಕಟ್ಟಿದರೆ? ಮಿಲ್ರಿನೋನ್ ಎಂಬ ಔಷಧ ಮಾಡುವುದು ಅದನ್ನೇ. ಸೋತ ಹೃದಯ ಅದರಿಂದ ಸ್ವಲ್ಪ ಕಾಲ ಚುರುಕಾಗುತ್ತದೆ. ಆದರೆ ಅದನ್ನು ಮಾತ್ರೆಯಾಗಿ ತಿಂಗಳುಗಟ್ಟಲೆ ನುಂಗಿದವರಲ್ಲಿ ಸಾವು ಹೆಚ್ಚೆಂದು 1991ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಬಳಲಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಗ್ರಾಹಕದ ಬಾಯಿಯನ್ನೇ ಮುಚ್ಚುವ ಬೀಟಾ ಬ್ಲಾಕರುಗಳನ್ನು ಇಂಥ ರೋಗಿಗಳಿಗೆ ಕೊಡಲೇಬಾರದು ಎನ್ನುತ್ತಿದ್ದ ಕಾಲವಿತ್ತು. ಈಗ ಜೀವ ಉಳಿಸುತ್ತಿರುವ ಮಾತ್ರೆಗಳಲ್ಲಿ ಅವೂ ಸೇರಿವೆ.

ದೊಡ್ಡಪ್ಪ ನುಂಗುವುದೂ ಅದನ್ನೇ. ಜಗಲಿಗೆ ಮರಳಿದ ಮೇಲೆ ಇದನ್ನೆಲ್ಲ ವಿವರಿಸಿ, ಅವರು ಅಷ್ಟು ತಣ್ಣಗೆ ನಿಂತಿದ್ದುದು ಆ ಮಾತ್ರೆಯಿಂದಲೇ ಇರಬೇಕು ಎಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು.

"ಮಾತ್ರೆಯೂ ಅಲ್ಲ, ಎಂಥದ್ದೂ ಅಲ್ಲ ಮಾರಾಯ. ಆ ಪೈಪನ್ನು ಸುತ್ತಿ ಅಲ್ಲಿ ಇಟ್ಟವನೇ ನಾನು."